ಮನೆ ನಮ್ಮದು, ಮುಂಗೋಡೆ ಬೀದಿಯದು: ಬ್ರಿಟನ್‌ನ ಜಾರ್ಜಿಯನ್ ಸಾಲುಮನೆಗಳ ಕಿಟಕಿ ಜಗಳ

ಬ್ರಿಟನ್‌ನಿಂದ ಬರುವ ಎರಡು ಬಗೆಯ ಸುದ್ದಿಗಳನ್ನು ಒಟ್ಟಿಗೆ ಓದಿದರೆ ತಲೆ ಕೆಡುತ್ತದೆ. ಮನೆಗಳಿಂದ ಶಾಖ ಸೋರುವುದು ನಿಲ್ಲಬೇಕು, ಗ್ಯಾಸ್ ಉಳಿಯಬೇಕು ಎನ್ನುತ್ತದೆ ಸರ್ಕಾರ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಬಾಡಿಗೆ ಮನೆಗಳು 2030ರ ಹೊತ್ತಿಗೆ ಶಾಖ ಉಳಿಸುವುದರಲ್ಲಿ ಸಿ ದರ್ಜೆಗೆ ಬರಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಪ್ರಸ್ತಾಪವನ್ನೂ ಇಟ್ಟಿತು. ಅದೇ ದೇಶದಲ್ಲಿ, ಹಳೇ ಕಿಟಕಿ ಕಿತ್ತು ಡಬಲ್ ಗ್ಲೇಜಿಂಗ್, ಅಂದರೆ ಎರಡು ಪದರದ ಗಾಜು, ಹಾಕಿಸಿದವರಿಗೆ ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ) ನೋಟಿಸ್ ಕೊಡುತ್ತದೆ. ಮೊದಲಿದ್ದಂತೆ ಮಾಡಿ, ಇಲ್ಲದಿದ್ದರೆ ಕೇಸು ಅಂತ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನಿಸುವುದು ಸಹಜ. ಬ್ರಿಟನ್‌ಗೆ ಓದಲು, ಕೆಲಸಕ್ಕೆ ಹೋಗಿ ಇಂಥ ಹಳೇ ಮನೆಯ ಒಂದು ಮಹಡಿಯಲ್ಲಿ ಬಾಡಿಗೆಗಿರುವ ಕನ್ನಡಿಗರಿಗೂ ಈ ಪ್ರಶ್ನೆ ಬರುತ್ತದೆ. ಇಷ್ಟು ಬಾಡಿಗೆ ಕೊಟ್ಟರೂ ಚಳಿಗಾಲದಲ್ಲಿ ಕಿಟಕಿ ಸಂದಿಯಿಂದ ಗಾಳಿ ಬರುತ್ತದೆ. ಮಾಲೀಕರನ್ನು ಕೇಳಿದರೆ "ಇದು ಲಿಸ್ಟೆಡ್ ಬಿಲ್ಡಿಂಗ್, ಏನೂ ಮಾಡುವ ಹಾಗಿಲ್ಲ" ಎನ್ನುತ್ತಾರೆ. ಲಿಸ್ಟೆಡ್ ಎಂದರೆ ಕಾನೂನಿನ ರಕ್ಷಣೆ ಇರುವ ಕಟ್ಟಡಗಳ ಪಟ್ಟಿಯಲ್ಲಿರುವುದು. ಆ ಉತ್ತರದಲ್ಲಿ ಅರ್ಧ ನಿಜ ಇದೆ. ಉಳಿದ ಅರ್ಧ ಯಾಕೆ ನಿಜ ಅಲ್ಲ ಎಂದು ತಿಳಿಯಲು ಈ ಮನೆಗಳನ್ನು ಹೇಗೆ ಕಟ್ಟಿದರು ಅನ್ನುವುದನ್ನು ನೋಡಬೇಕು.

ಒಂದು ಅರಮನೆಯ ಹಾಗೆ ಕಾಣುವ ಮೂವತ್ತು ಮನೆ

ಜಾರ್ಜ್ ಎಂಬ ಹೆಸರಿನ ನಾಲ್ವರು ರಾಜರು ಒಬ್ಬರ ನಂತರ ಒಬ್ಬರು ಆಳಿದ 1714ರಿಂದ 1830ರವರೆಗಿನ ಕಾಲವನ್ನು ಜಾರ್ಜಿಯನ್ ಕಾಲ ಎನ್ನುತ್ತಾರೆ. ಆಗ ಲಂಡನ್, ಬಾತ್, ಬ್ರಿಸ್ಟಲ್, ಎಡಿನ್‌ಬರೋ, ಡಬ್ಲಿನ್ ನಗರಗಳು ಜೋರಾಗಿ ಬೆಳೆದವು. ಬೆಳೆದದ್ದು ಬಿಡಿ ಬಂಗಲೆಗಳಿಂದಲ್ಲ, ಸಾಲುಮನೆಗಳಿಂದ. ಅಕ್ಕಪಕ್ಕದ ಎರಡು ಮನೆಗೆ ನಡುವೆ ಒಂದೇ ಗೋಡೆ. ಬೀದಿ ಕಡೆಗೆ ಅಗಲ ಕಡಿಮೆ, ಹಿಂದಕ್ಕೆ ಉದ್ದ, ಮೇಲಕ್ಕೆ ಮೂರು-ನಾಲ್ಕು ಮಹಡಿ, ಕೆಳಗೆ ನೆಲಮಾಳಿಗೆ.

ಇದರ ದೊಡ್ಡ ಉದಾಹರಣೆ ಬಾತ್‌ನ ರಾಯಲ್ ಕ್ರೆಸೆಂಟ್. ಕಿರಿಯ ಜಾನ್ ವುಡ್ ವಿನ್ಯಾಸ ಮಾಡಿದ್ದು, ಕೆಲಸ ಶುರುವಾದದ್ದು 1767ರಲ್ಲಿ. ಅರ್ಧಚಂದ್ರದ ಹಾಗೆ ಬಾಗಿದ ಒಂದೇ ಮುಂಗೋಡೆ, ಅದರ ಮೇಲೆ 114 ಕಂಬ, ಹಿಂದೆ 30 ಮನೆ. ಎದುರಿನ ಹುಲ್ಲುಹಾಸಿನಿಂದ ನೋಡಿದರೆ ಯಾವುದೋ ರಾಜನ ಅರಮನೆ ಅನ್ನಿಸಬೇಕು. ಅದೇ ಉದ್ದೇಶ ಇದ್ದದ್ದು.

ಹಿಂದೆ ಹೋಗಿ ನೋಡಿದರೆ ಕಥೆಯೇ ಬೇರೆ. ಅಲ್ಲಿ ಯಾವುದೂ ಒಂದರ ಹಾಗೆ ಇನ್ನೊಂದಿಲ್ಲ. ಒಂದು ಮನೆ ಹಿಂದಕ್ಕೆ ಚಾಚಿದೆ, ಇನ್ನೊಂದು ಒಳಗೆ ಸರಿದಿದೆ. ಕಿಟಕಿಗಳು ಬೇರೆ ಬೇರೆ ಎತ್ತರದಲ್ಲಿವೆ. ಕಾರಣ ಸರಳ. ವುಡ್ ಕೊಟ್ಟದ್ದು ಮುಂಗೋಡೆಯ ನಕ್ಷೆ ಮಾತ್ರ. ಅದನ್ನು ಚಾಚೂ ತಪ್ಪದೆ ಪಾಲಿಸಬೇಕು. ಅದರ ಹಿಂದೆ ಕೋಣೆ ಎಷ್ಟು, ಮೆಟ್ಟಿಲು ಎಲ್ಲಿ ಅನ್ನುವುದನ್ನೆಲ್ಲ ಆಯಾ ಮನೆಯವರು ತಮ್ಮ ಮೇಸ್ತ್ರಿಗೆ ಹೇಳಿ ಮಾಡಿಸಿಕೊಂಡರು.

ಅಂದರೆ ಇನ್ನೂರೈವತ್ತು ವರ್ಷದ ಹಿಂದೆಯೇ ಒಂದು ಒಪ್ಪಂದ ಇತ್ತು: ಮುಂಭಾಗ ಸಾಲಿನದ್ದು, ಒಳಭಾಗ ಮನೆಯವರದ್ದು. ಇವತ್ತಿನ ಜಗಳದಲ್ಲಿ ಎರಡೂ ಕಡೆಯವರು ಮರೆಯುವುದು ಇದನ್ನೇ.

ಬೆಂಕಿಯ ಭಯದಿಂದ ಹುಟ್ಟಿದ ಚಂದ

ಜಾರ್ಜಿಯನ್ ಮನೆಯ ಸರಳ, ಚಪ್ಪಟೆ, ಅಲಂಕಾರ ಕಡಿಮೆ ಇರುವ ಮುಖ ನೋಡಿ "ಏನು ಅಭಿರುಚಿ!" ಎಂದು ಹೊಗಳುವುದು ವಾಡಿಕೆ. ಅಭಿರುಚಿ ಇತ್ತು ನಿಜ. ಆದರೆ ಜಾಸ್ತಿ ಪಾಲು ಬೆಂಕಿಯ ಭಯದ್ದು.

1666ರಲ್ಲಿ ಲಂಡನ್ ಸುಟ್ಟುಹೋಯಿತು. ಮರದ ಮನೆಗಳು ಒಂದಕ್ಕೊಂದು ತಾಗಿಕೊಂಡಿದ್ದವು, ಬೆಂಕಿ ಸಾಲು ಸಾಲಾಗಿ ನುಂಗಿತು. 1667ರ ಕಾಯ್ದೆ ಇಟ್ಟಿಗೆ ಅಥವಾ ಕಲ್ಲಿನ ಗೋಡೆ ಕಡ್ಡಾಯ ಮಾಡಿತು. 1707ರಲ್ಲಿ ಇನ್ನೊಂದು ಕಾಯ್ದೆ ಬಂದು, ಸೂರಿನ ಕೆಳಗೆ ಮರದ ಅಂಚು ಚಾಚುವುದನ್ನು ನಿಲ್ಲಿಸಿತು. ಆಗ ಮುಂಗೋಡೆಯನ್ನೇ ಸೂರಿಗಿಂತ ಮೇಲಕ್ಕೆ ಎಬ್ಬಿಸಿ ಪ್ಯಾರಪೆಟ್ ಮಾಡಿದರು. ಮನೆಯ ಮಾಡು ಅದರ ಹಿಂದೆ ಅಡಗಿತು. 1709ರ ಕಾಯ್ದೆ ಕಿಟಕಿಯ ಚೌಕಟ್ಟನ್ನು ಗೋಡೆಯ ಮುಖದಿಂದ ನಾಲ್ಕು ಇಂಚು ಒಳಗೆ ಕೂರಿಸಬೇಕು ಎಂದಿತು. ಈಗ ಎಲ್ಲರೂ ಮೆಚ್ಚುವ ಕಿಟಕಿಯ ಸುತ್ತಲಿನ ನೆರಳಿನ ಅಂಚು ಹೀಗೆ ಬಂತು.

1774ರ ಕಾಯ್ದೆ ಎಲ್ಲಕ್ಕಿಂತ ಕಟ್ಟುನಿಟ್ಟು. ಅದು ಮನೆಗಳನ್ನು ಬೆಲೆ ಮತ್ತು ಅಳತೆಯ ಮೇಲೆ ನಾಲ್ಕು ದರ್ಜೆ ಮಾಡಿತು. 850 ಪೌಂಡ್‌ಗಿಂತ ಹೆಚ್ಚು ಬೆಲೆಯದ್ದು ಮೊದಲ ದರ್ಜೆ, 150ಕ್ಕಿಂತ ಕಡಿಮೆಯದ್ದು ನಾಲ್ಕನೆಯದು. ಪ್ರತಿ ದರ್ಜೆಗೂ ಗೋಡೆ ಎಷ್ಟು ದಪ್ಪ ಇರಬೇಕು ಎಂದು ನಿಗದಿಯಾಯಿತು. ಕಿಟಕಿಯ ಮರದ ಪೆಟ್ಟಿಗೆ ಇಟ್ಟಿಗೆಯ ಹಿಂದೆ ಮುಚ್ಚಿಹೋಗಬೇಕು ಎಂದೂ ಹೇಳಿತು. ಈ ಕಾಯ್ದೆಗಳು ನಡೆದದ್ದು ಲಂಡನ್‌ನಲ್ಲಿ ಮಾತ್ರ. ಆದರೆ ಮೇಸ್ತ್ರಿಗಳ ಕೈಪಿಡಿಗಳ ಮೂಲಕ, ಫ್ಯಾಷನ್ ಮೂಲಕ ಇದೇ ಮಾದರಿ ಬೇರೆ ಊರುಗಳಿಗೂ ಹಬ್ಬಿತು.

ಇಲ್ಲೊಂದು ತಪ್ಪು ತಿಳಿವಳಿಕೆ ಬಗ್ಗೆಯೂ ಹೇಳಬೇಕು. ಮುಚ್ಚಿದ ಕಿಟಕಿ ಕಂಡರೆ ಸಾಕು, ಕಿಟಕಿ ತೆರಿಗೆ ತಪ್ಪಿಸಲು ಮುಚ್ಚಿದ್ದು ಅನ್ನುತ್ತಾರೆ ಪ್ರವಾಸಿ ಗೈಡುಗಳು. 1696ರಿಂದ 1851ರವರೆಗೆ ಅಂಥ ತೆರಿಗೆ ಇದ್ದದ್ದು ನಿಜ. ಆದರೆ ಎಷ್ಟೋ ಕಿಟಕಿಗಳು ಕಟ್ಟುವಾಗಲೇ ಕುರುಡು. ಹಿಂದೆ ಮೆಟ್ಟಿಲೋ ಚಿಮಣಿಯೋ ಇದೆ, ಅಲ್ಲಿ ತೆರೆಯುವಂತಿಲ್ಲ. ಸಾಲಿನ ಲೆಕ್ಕ ತಪ್ಪಬಾರದು ಎಂದು ಕಿಟಕಿಯ ಆಕಾರ ಮಾತ್ರ ಇಟ್ಟರು.

ಹಣ ಎಲ್ಲಿಂದ ಬಂತು, ಲೀಸ್ ಯಾರದು

ಈ ಸಾಲುಗಳನ್ನು ಕಟ್ಟಿದ್ದು ಸರ್ಕಾರ ಅಲ್ಲ, ಶ್ರೀಮಂತ ಜಮೀನುದಾರರೂ ಅಲ್ಲ. ಜಮೀನುದಾರ ಜಾಗವನ್ನು ಲೀಸ್‌ಗೆ ಕೊಡುತ್ತಿದ್ದ. ಸಾಮಾನ್ಯವಾಗಿ 99 ವರ್ಷ. ಮೊದಲ ಒಂದೆರಡು ವರ್ಷ ನೆಲಬಾಡಿಗೆ ಹೆಸರಿಗೆ ಮಾತ್ರ. ಅಷ್ಟರಲ್ಲಿ ಮೇಸ್ತ್ರಿ ಸಾಲ ಮಾಡಿ ಮನೆಯ ಗೂಡು ಎಬ್ಬಿಸಿ, ಯಾರಿಗಾದರೂ ದಾಟಿಸಬೇಕು. ಲೀಸ್ ಮುಗಿದಾಗ ಮನೆಯ ಸಮೇತ ಜಾಗ ಜಮೀನುದಾರನ ಕೈಗೆ ವಾಪಸ್. ಹೀಗಾಗಿ ಅವನಿಗೆ ಸಾಲಿನ ಮುಖ ಕೆಡದಂತೆ ನೋಡಿಕೊಳ್ಳುವ ಆಸೆ, ಮೇಸ್ತ್ರಿಗೆ ಕಣ್ಣಿಗೆ ಕಾಣದ ಕಡೆ ಖರ್ಚು ಉಳಿಸುವ ಆಸೆ. ಇವೆರಡೂ ಇವತ್ತಿಗೂ ಕಟ್ಟಡದಲ್ಲಿ ಕಾಣುತ್ತವೆ.

ಇದು ಜೂಜಿನ ವ್ಯವಹಾರ. 1793ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಶುರುವಾಗಿ, ಬಾತ್‌ನ ಬ್ಯಾಂಕುಗಳು ಮುಳುಗಿದಾಗ ಮೇಸ್ತ್ರಿಗಳೂ ಮುಳುಗಿದರು. ಅರ್ಧಕ್ಕೆ ನಿಂತ ಸಾಲುಗಳು ವರ್ಷಗಟ್ಟಲೆ ಹಾಗೇ ನಿಂತವು. ಕೊಂಡವರ ಹಣ ಎಲ್ಲಿಯದು ಎಂದು ಕೇಳಿದರೆ ಉತ್ತರ ಅಷ್ಟು ಚಂದ ಇಲ್ಲ. ಬಾತ್‌ನ ಲ್ಯಾನ್ಸ್‌ಡೌನ್ ಕ್ರೆಸೆಂಟ್‌ನಲ್ಲಿದ್ದ ವಿಲಿಯಂ ಬೆಕ್‌ಫರ್ಡ್‌ನ ಸಂಪತ್ತು ಜಮೈಕಾದ ಗುಲಾಮರ ದುಡಿಮೆಯಿಂದ ಬಂದದ್ದು. ಬಂಗಾಳದಿಂದ ಹಣ ಹೊತ್ತು ಹೋದ ರಾಬರ್ಟ್ ಕ್ಲೈವ್ 1774ರ ನವೆಂಬರ್‌ನಲ್ಲಿ ಸತ್ತದ್ದು ಲಂಡನ್‌ನ ಬರ್ಕ್ಲಿ ಸ್ಕ್ವೇರ್‌ನ ಇಂಥದ್ದೇ ಒಂದು ಮನೆಯಲ್ಲಿ.

ಲೀಸ್ ಪದ್ಧತಿ ಹಳೇ ಕಥೆ ಎಂದುಕೊಳ್ಳಬೇಡಿ. ಲಂಡನ್‌ನ ಮೇಫೇರ್, ಬೆಲ್‌ಗ್ರೇವಿಯಾದಲ್ಲಿ ಹಳೇ ಜಮೀನುದಾರ ಮನೆತನದ ಗ್ರೋವ್ನರ್ ಎಸ್ಟೇಟ್‌ಗೆ ಇವತ್ತಿಗೂ ಹಿಡಿತ ಇದೆ. 1967ರ ಕಾಯ್ದೆ ಲೀಸ್‌ದಾರರಿಗೆ ಮನೆಯ ನೆಲವನ್ನೂ ಕೊಳ್ಳುವ ಹಕ್ಕು ಕೊಟ್ಟಿತು. ಆದರೆ ಅದೇ ಕಾಯ್ದೆಯಲ್ಲಿ, ಮಾರಿದ ಮೇಲೂ ಹೊರಗಿನ ರೂಪದ ಮೇಲೆ ಹಿಡಿತ ಇಟ್ಟುಕೊಳ್ಳಲು ಹಳೇ ಎಸ್ಟೇಟ್‌ಗಳಿಗೆ ದಾರಿ ಬಿಟ್ಟಿತು. ಮನೆ ಫ್ಲಾಟ್‌ಗಳಾಗಿ ಒಡೆದಿದ್ದರಂತೂ ಎರಡನೇ ಮಹಡಿಯವರಿಗೆ ತಮ್ಮ ಕಿಟಕಿಯೇ ತಮ್ಮದಲ್ಲ. ಕೌನ್ಸಿಲ್‌ನ ಅನುಮತಿ ಸಾಲದು, ನೆಲದ ಮಾಲೀಕರದ್ದೂ ಬೇಕು.

ಗೋಡೆಯ ಒಳಗೆ

ಮುಂಗೋಡೆ ಗಟ್ಟಿಮುಟ್ಟಾಗಿ ಕಾಣುತ್ತದೆ. ಲಂಡನ್‌ನ ಎಷ್ಟೋ ಮನೆಗಳಲ್ಲಿ ಅದು ತೋರಿಕೆ. ಹೊರಗೆ ಒಳ್ಳೆಯ, ದುಬಾರಿ ಇಟ್ಟಿಗೆಯ ಒಂದು ಪದರ. ಹಿಂದೆ ಅಗ್ಗದ ಇಟ್ಟಿಗೆ. ಎರಡನ್ನೂ ಹಿಡಿದಿಡಲು ಅಡ್ಡಲಾಗಿ ಇಡಬೇಕಾದ ಇಟ್ಟಿಗೆಗಳನ್ನು ಅರ್ಧಕ್ಕೆ ಕತ್ತರಿಸಿ ಮುಂದೆ ಅಂಟಿಸಿ, ಬಂಧ ಇದೆ ಎಂದು ತೋರಿಸಿದರು. ಒಳಗೆ ಅಲ್ಲಲ್ಲಿ ಮರದ ಪಟ್ಟಿ ಹುದುಗಿಸಿದರು. ನೆಲ ಹೊತ್ತ ಮರದ ತೊಲೆಗಳ ತುದಿ ಎಷ್ಟೋ ಕಡೆ ಇದೇ ಗೋಡೆಯ ಗೂಡಿನಲ್ಲಿ ಕೂತಿರುತ್ತದೆ.

ಇಷ್ಟಾದರೂ ಇವು ಇನ್ನೂರು ವರ್ಷ ನಿಂತಿವೆ. ಅದಕ್ಕೆ ಒಂದು ಮುಖ್ಯ ಕಾರಣ ಸುಣ್ಣದ ಗಾರೆ. ಮಳೆ ನೀರು ಸ್ವಲ್ಪ ಒಳಗೆ ಹೋಗುತ್ತದೆ, ಬಿಸಿಲು ಗಾಳಿಗೆ ಹೊರಗೆ ಬರುತ್ತದೆ. ಗೋಡೆ ಒದ್ದೆಯಾಗುತ್ತದೆ, ಒಣಗುತ್ತದೆ. ಮನೆಯೊಳಗಿನ ಬೆಂಕಿಗೂಡಿನ ಶಾಖವೂ ಒಣಗಲು ಸಹಾಯ ಮಾಡುತ್ತಿತ್ತು.

ಈಗ ಇದೇ ಗೋಡೆಗೆ ಒಳಗಿನಿಂದ ಶಾಖ ತಡೆಯುವ ಪ್ಲಾಸ್ಟಿಕ್ ಹಲಗೆ ಹೊಡೆದರೆ ಏನಾಗುತ್ತದೆ? ಕೋಣೆ ಬೆಚ್ಚಗಾಗುತ್ತದೆ, ಆದರೆ ಗೋಡೆ ತಣ್ಣಗಾಗುತ್ತದೆ. ಕೋಣೆಯ ಹಬೆ ಸಂದಿಯಲ್ಲಿ ನುಸುಳಿ ಆ ತಣ್ಣನೆಯ ಇಟ್ಟಿಗೆಗೆ ತಾಗಿ ನೀರಾಗುತ್ತದೆ. ಒಳಗಡೆಗೆ ಒಣಗುವ ದಾರಿ ಮುಚ್ಚಿದೆ. ಹೊರಗೆ ಯಾರೋ ಸಿಮೆಂಟ್ ಬಳಿದಿದ್ದರೆ ಆ ದಾರಿಯೂ ಇಲ್ಲ. ನೀರು ಗೋಡೆಯಲ್ಲೇ ಉಳಿದು ತೊಲೆಯ ತುದಿ ಕೊಳೆಯುತ್ತದೆ. ಹೊರಗೆ ಕಾಣುವುದೇ ಇಲ್ಲ. ಕಾಣುವಾಗ ನೆಲ ಕುಸಿಯತೊಡಗಿರುತ್ತದೆ. ಸಂರಕ್ಷಣೆಯವರು ಗಲಾಟೆ ಮಾಡುವುದು ಸುಮ್ನೆ ಚಂದಕ್ಕಾಗಿ ಅಲ್ಲ ಎಂದು ಇಲ್ಲಿ ಗೊತ್ತಾಗುತ್ತದೆ.

ಒಂದು ಕಿಟಕಿ, ಹತ್ತಿರದಿಂದ

ಜಗಳದ ನಡುವೆ ಇರುವುದು ಸ್ಯಾಶ್ ಕಿಟಕಿ. ಮೇಲೆ ಒಂದು, ಕೆಳಗೆ ಒಂದು ಚೌಕಟ್ಟು. ಸಾಮಾನ್ಯವಾಗಿ ಎರಡರಲ್ಲೂ ಆರಾರು ಗಾಜು. ಎರಡೂ ಮೇಲೆ ಕೆಳಗೆ ಸರಿಯುತ್ತವೆ. ಪಕ್ಕದ ಮರದ ಪೆಟ್ಟಿಗೆಯೊಳಗೆ ಹಗ್ಗಕ್ಕೆ ಕಟ್ಟಿದ ಭಾರದ ಗುಂಡು, ಮೇಲೆ ರಾಟೆ. ಗುಂಡಿನ ತೂಕ ಚೌಕಟ್ಟಿನ ತೂಕಕ್ಕೆ ಸರಿಯಾಗಿರುವುದರಿಂದ ಒಂದು ಬೆರಳಿನಲ್ಲಿ ಎತ್ತಿದರೂ ಕಿಟಕಿ ಅಲ್ಲೇ ನಿಲ್ಲುತ್ತದೆ.

ಗಾಜುಗಳ ನಡುವಿನ ಮರದ ಕಡ್ಡಿ ಕಾಲ ಕಳೆದ ಹಾಗೆ ತೆಳ್ಳಗಾಗುತ್ತ ಹೋಯಿತು. ಜಾರ್ಜಿಯನ್ ಕಾಲದ ಕೊನೆಗೆ ಅರ್ಧ ಇಂಚಿನ ಆಸುಪಾಸಿಗೆ ಬಂತು. ಗಾಜನ್ನು ಊದಿ, ತಿರುಗಿಸಿ, ತಟ್ಟೆಯಾಗಿ ಹರಡಿ, ತುಂಡು ಮಾಡಿದ್ದು. ಹಾಗಾಗಿ ಪೂರ್ತಿ ಸಪಾಟಿಲ್ಲ. ಬೀದಿಯಲ್ಲಿ ನಡೆಯುತ್ತಾ ನೋಡಿದರೆ ಒಂದೊಂದು ಗಾಜಿನಲ್ಲಿ ಆಕಾಶ ಒಂದೊಂದು ಥರ ಅಲುಗುತ್ತದೆ.

ಮಾಮೂಲಿ ಡಬಲ್ ಗ್ಲೇಜಿಂಗ್ ಎಂದರೆ ಎರಡು ಗಾಜು, ನಡುವೆ ಗಾಳಿಯೋ ಬೇರೆ ಅನಿಲವೋ ತುಂಬಿದ ಜಾಗ. ಒಟ್ಟು ಸುಮಾರು ಒಂದು ಇಂಚು ದಪ್ಪ. ಅರ್ಧ ಇಂಚಿನ ಕಡ್ಡಿಯಲ್ಲಿ ಅದು ಕೂರುವುದಿಲ್ಲ. ಕಡ್ಡಿ ದಪ್ಪ ಮಾಡಬೇಕು, ಅಥವಾ ಒಂದೇ ದೊಡ್ಡ ಗಾಜು ಹಾಕಿ ಮೇಲೆ ಸುಳ್ಳು ಕಡ್ಡಿ ಅಂಟಿಸಬೇಕು. ತೂಕ ಹೆಚ್ಚಿದ್ದಕ್ಕೆ ಗುಂಡು ಬದಲಾಗಬೇಕು. ಎರಡು ಗಾಜಿನಿಂದ ಪ್ರತಿಬಿಂಬವೂ ಎರಡಾಗಿ ಕಾಣುತ್ತದೆ. ಒಂದು ಮನೆಯಲ್ಲಾದರೆ ಯಾರೂ ಗಮನಿಸದೇ ಹೋಗಬಹುದು. ಮೂವತ್ತರ ಸಾಲಿನಲ್ಲಿ ಐದು ಮನೆ ಐದು ಥರ ಮಾಡಿದರೆ ಕಣ್ಣು ಅಲ್ಲೇ ಹೋಗುತ್ತದೆ.

ಇನ್ನೊಂದು ಲೆಕ್ಕವೂ ಇದೆ. ಸೀಲ್ ಮಾಡಿದ ಡಬಲ್ ಗಾಜು ಇಪ್ಪತ್ತು-ಇಪ್ಪತ್ತೈದು ವರ್ಷಕ್ಕೆ ಮಂಕಾಗುತ್ತದೆ, ಆಮೇಲೆ ಎಸೆಯಬೇಕು. ಹಳೇ ಪೈನ್ ಮರದ ಚೌಕಟ್ಟು ಎರಡು ಶತಮಾನ ಕಳೆದರೂ ರಿಪೇರಿಗೆ ಒಗ್ಗುತ್ತದೆ.

ಹಾಗಂತ ಈ ಕಿಟಕಿಗಳನ್ನು ಯಾರೂ ಮುಟ್ಟಿಯೇ ಇಲ್ಲ ಅನ್ನುವಂತಿಲ್ಲ. 19ನೇ ಶತಮಾನದಲ್ಲಿ ದೊಡ್ಡ ಗಾಜು ಅಗ್ಗವಾದಾಗ ಬಾತ್‌ನ ಹಲವು ಮನೆಯವರು ಕಡ್ಡಿ ಕಿತ್ತೆಸೆದು ದೊಡ್ಡ ಗಾಜು ಹಾಕಿಸಿದರು. ಕಿಟಕಿಯ ಕೆಳಗಿನ ಗೋಡೆ ಒಡೆದು ಉದ್ದ ಮಾಡಿದವರೂ ಇದ್ದಾರೆ. "ಮೂಲ ಕಿಟಕಿ" ಎಂದು ನಾವು ತಿಳಿದದ್ದು ಎಷ್ಟೋ ಸಲ 1970ರ ನಂತರ ಮತ್ತೆ ಮಾಡಿಸಿದ್ದು.

ಇಪಿಸಿ ಎಂಬ ಗಂಟು

ಈಗ ಕಾನೂನಿಗೆ ಬರೋಣ. ಲಿಸ್ಟೆಡ್ ಕಟ್ಟಡ ಬದಲಾಯಿಸಲು ಪ್ರತ್ಯೇಕ ಅನುಮತಿ ಬೇಕು ಎಂಬ ನಿಯಮ ಬಂದದ್ದು 1968ರಲ್ಲಿ. ಈಗ ನಡೆಯುತ್ತಿರುವುದು 1990ರ ಕಾಯ್ದೆ. ರಕ್ಷಣೆ ಮುಂಗೋಡೆಗೆ ಮಾತ್ರ ಅಲ್ಲ, ಒಳಗಿನ ಮೆಟ್ಟಿಲು, ಛಾವಣಿಯ ಗಾರೆ ಕೆಲಸ, ಬಾಗಿಲು, ಎಲ್ಲಕ್ಕೂ. ಅನುಮತಿ ಇಲ್ಲದೆ ಅದರ ಗುಣ ಕೆಡುವಂತೆ ಬದಲಾಯಿಸಿದರೆ ಕ್ರಿಮಿನಲ್ ಅಪರಾಧ. ಎರಡು ವರ್ಷದವರೆಗೆ ಜೈಲೂ ಆಗಬಹುದು. ಸರಿಪಡಿಸಿ ಎಂದು ನೋಟಿಸ್ ಕೊಡಲು ಕಾಲಮಿತಿಯೇ ಇಲ್ಲ. ಹಿಂದಿನ ಮಾಲೀಕ ಮಾಡಿದ ತಪ್ಪಿನ ನೋಟಿಸ್ ಇವತ್ತಿನ ಮಾಲೀಕರ ಮನೆಗೆ ಬರಬಹುದು. ಸುದ್ದಿಯಲ್ಲಿ ಬರುವ "ನಾವು ಕೊಂಡಾಗಲೇ ಹೀಗಿತ್ತು" ಎಂಬ ಗೋಳಿನ ಹಿನ್ನೆಲೆ ಇದು.

ಇನ್ನೊಂದು ಕಾನೂನು ಶಾಖದ್ದು. ಇಪಿಸಿ ಎಂಬ ಪ್ರಮಾಣಪತ್ರ ಮನೆಗೆ ಎ ಇಂದ ಜಿ ವರೆಗೆ ದರ್ಜೆ ಕೊಡುತ್ತದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ 2018ರ ಏಪ್ರಿಲ್‌ನಿಂದ ಹೊಸ ಬಾಡಿಗೆಗೆ, 2020ರ ಏಪ್ರಿಲ್‌ನಿಂದ ಇರುವ ಬಾಡಿಗೆಗೂ ಕನಿಷ್ಠ ಇ ದರ್ಜೆ ಬೇಕು. ಇದನ್ನೇ ಸಿ ಗೆ ಏರಿಸುವುದು 2024ರ ಪ್ರಸ್ತಾಪ. ಒಂದು ಮನೆಗೆ ಮಾಲೀಕ ಗರಿಷ್ಠ 15,000 ಪೌಂಡ್ ಖರ್ಚು ಮಾಡಿದರೆ ಸಾಕು ಎಂದು ಆ ಪ್ರಸ್ತಾಪದಲ್ಲಿತ್ತು.

ಹಾಗಾದರೆ ಲಿಸ್ಟೆಡ್ ಮನೆಗೆ ವಿನಾಯಿತಿ ಇಲ್ಲವೇ? ಇದೆ, ಆದರೆ ವಿಚಿತ್ರವಾಗಿದೆ. ಕನಿಷ್ಠ ಮಟ್ಟ ಮುಟ್ಟಲು ಬೇಕಾದ ಕೆಲಸಗಳು ಕಟ್ಟಡದ ಗುಣವನ್ನು ಒಪ್ಪಲಾಗದಷ್ಟು ಬದಲಿಸುವುದಾದರೆ ಮಾತ್ರ ವಿನಾಯಿತಿ. ಯಾವ ಕೆಲಸ ಬೇಕು ಎಂದು ತಿಳಿಯುವುದು ಹೇಗೆ? ಇಪಿಸಿ ಮಾಡಿಸಿ. ಇಪಿಸಿ ಬೇಕಿಲ್ಲ ಎಂದು ತಿಳಿಯಲು ಇಪಿಸಿ ಮಾಡಿಸಬೇಕು! ಒಬ್ಬ ಏಜೆಂಟ್ ಬೇಕು ಎನ್ನುತ್ತಾನೆ, ಇನ್ನೊಬ್ಬ ಬೇಡ ಎನ್ನುತ್ತಾನೆ. "ಒಪ್ಪಲಾಗದಷ್ಟು" ಎಂದು ತೀರ್ಮಾನಿಸುವವರು ಯಾರು ಎಂಬುದೂ ಸ್ಪಷ್ಟ ಇಲ್ಲ. ಈ ಗೊಂದಲ ತೆಗೆದು, ಹಳೇ ಕಟ್ಟಡಗಳಿಗೂ ಪ್ರಮಾಣಪತ್ರ ಕಡ್ಡಾಯ ಮಾಡುವ ಯೋಚನೆಯನ್ನೂ ಸರ್ಕಾರ 2024ರ ಕೊನೆಯಲ್ಲಿ ಮುಂದಿಟ್ಟಿತು.

ಇಪಿಸಿಯ ಲೆಕ್ಕದಲ್ಲೂ ತೊಂದರೆ ಇದೆ. ಅಳತೆ ಮಾಡಲು ಬಂದವರು ಗೋಡೆ ಅಗೆದು ನೋಡುವುದಿಲ್ಲ. ಹಳೇ ಗಟ್ಟಿ ಇಟ್ಟಿಗೆ ಗೋಡೆ ಎಂದರೆ ಇಷ್ಟು ಶಾಖ ಬಿಡುತ್ತದೆ ಎಂದು ಹಿಡಿದುಕೊಳ್ಳುತ್ತಾರೆ. ನಿಜವಾದ ಗೋಡೆಗಳ ಮೇಲೆ ಉಪಕರಣ ಇಟ್ಟು ಅಳೆದಾಗ, ಹಿಡಿದುಕೊಂಡಿದ್ದಕ್ಕಿಂತ ಕಡಿಮೆ ಶಾಖ ಹೋಗುತ್ತಿದೆ ಎಂದು ಕಂಡಿತು. ಆಮೇಲೆ ಲೆಕ್ಕ ತಿದ್ದಿದರು. ದರ್ಜೆ ನಿಂತಿರುವುದು ಇಂಧನದ ಖರ್ಚಿನ ಮೇಲೆ. ಬ್ರಿಟನ್‌ನಲ್ಲಿ ಗ್ಯಾಸ್‌ಗಿಂತ ಕರೆಂಟ್ ದುಬಾರಿ. ಆದ್ದರಿಂದ ಗ್ಯಾಸ್ ಬಾಯ್ಲರ್ ತೆಗೆದು, ಹೊರಗಿನ ಶಾಖವನ್ನು ಕರೆಂಟ್‌ನಿಂದ ಒಳಗೆ ತರುವ ಹೀಟ್ ಪಂಪ್ ಹಾಕಿಸಿದರೂ ದರ್ಜೆ ಅಷ್ಟೇನೂ ಏರದೇ ಇರಬಹುದು. ಹವಾಮಾನಕ್ಕೆ ಒಳ್ಳೆಯದಾದ ಕೆಲಸಕ್ಕೆ ಅಂಕ ಕಡಿಮೆ!

ಯಾರ ವಾದ ಏನು

1937ರಲ್ಲಿ ಹುಟ್ಟಿದ ಜಾರ್ಜಿಯನ್ ಗ್ರೂಪ್‌ನಂಥ ಸಂರಕ್ಷಣಾ ಸಂಸ್ಥೆಗಳ ಭಯಕ್ಕೆ ಇತಿಹಾಸ ಇದೆ. 1960ರ ದಶಕದಲ್ಲಿ ಬಾತ್‌ನಲ್ಲಿ ರಾಯಲ್ ಕ್ರೆಸೆಂಟ್‌ನಂಥ ಹೆಸರುವಾಸಿ ಸಾಲುಗಳನ್ನು ಬಿಟ್ಟು, ಸಾಮಾನ್ಯ ಜನರ ಸಣ್ಣ ಜಾರ್ಜಿಯನ್ ಸಾಲುಗಳನ್ನು ರಾಶಿ ರಾಶಿ ಕೆಡವಿದರು. ಡಬ್ಲಿನ್‌ನ ಲೋವರ್ ಫಿಟ್ಜ್‌ವಿಲಿಯಂ ಬೀದಿಯಲ್ಲಿ ವಿದ್ಯುತ್ ಮಂಡಳಿ 16 ಮನೆ ಉರುಳಿಸಿ ಕಚೇರಿ ಕಟ್ಟಿತು. ಅರ್ಧ ಶತಮಾನದ ನಂತರ ಆ ಕಚೇರಿಯನ್ನೂ ಉರುಳಿಸಿ, ಹಳೇ ಸಾಲಿನ ಲಯ ನೆನಪಿಸುವ ಇನ್ನೊಂದು ಕಟ್ಟಡ ಎಬ್ಬಿಸಿದ್ದಾರೆ. ಬಿಡಿಯಾಗಿ ನೋಡಿದರೆ ಯಾವ ಮನೆಯೂ ದೊಡ್ಡ ವಾಸ್ತುಶಿಲ್ಪ ಅಲ್ಲ ಎಂಬುದೇ ಆಗ ಕೆಡವುವವರ ವಾದ. ಸಾಲಿಗೆ ಸಾಲೇ ಹೋದ ಮೇಲೆ ಏನು ಕಳೆದುಕೊಂಡೆವು ಎಂದು ಗೊತ್ತಾಯಿತು.

ಮಾಲೀಕರದ್ದು ಬೇರೆ ಕಥೆ. ಹೊಸ ಮನೆ ಕಟ್ಟಿದರೆ ವ್ಯಾಟ್ ಸೊನ್ನೆ, ಹಳೇ ಮನೆ ರಿಪೇರಿಗೆ ಸಾಮಾನ್ಯವಾಗಿ 20 ಪರ್ಸೆಂಟ್. ಲಿಸ್ಟೆಡ್ ಕಟ್ಟಡದ ಅನುಮತಿ ಪಡೆದ ಬದಲಾವಣೆಗೆ ಇದ್ದ ರಿಯಾಯಿತಿಯನ್ನೂ 2012ರಲ್ಲಿ ತೆಗೆದರು. ಅರ್ಜಿ ಹಾಕಬೇಕು, ಕಾಯಬೇಕು, ಸುಣ್ಣದ ಕೆಲಸ ಗೊತ್ತಿರುವವರನ್ನು ಹುಡುಕಬೇಕು. ಒಬ್ಬ ಅಧಿಕಾರಿ ಹೂಂ ಎಂದದ್ದಕ್ಕೆ ಪಕ್ಕದ ಕೌನ್ಸಿಲ್‌ನವರು ಊಹೂಂ ಎನ್ನುತ್ತಾರೆ.

ಅಧಿಕಾರಿಗಳ ಹಟ ಕೆಲವೊಮ್ಮೆ ಅತಿಯಾಗುತ್ತದೆ ಎಂಬುದೂ ಸುಳ್ಳಲ್ಲ. 1970ರ ದಶಕದಲ್ಲಿ ರಾಯಲ್ ಕ್ರೆಸೆಂಟ್‌ನ ಒಬ್ಬ ಮಹಿಳೆ ತಮ್ಮ ಮನೆಯ ಮುಂಬಾಗಿಲಿಗೆ ಹಳದಿ ಬಣ್ಣ ಬಳಿಸಿದರು. ಬಿಳಿ ಮಾಡಿ ಎಂದು ಕೌನ್ಸಿಲ್ ಪಟ್ಟು ಹಿಡಿಯಿತು. ವಿಷಯ ಸರ್ಕಾರದವರೆಗೂ ಹೋಗಿ ಹಳದಿಯೇ ಗೆದ್ದಿತು. ಕ್ರೆಸೆಂಟ್‌ಗೇನೂ ಆಗಲಿಲ್ಲ.

ಹವಾಮಾನದ ಕಡೆಯವರ ಮಾತು ನೇರ. 2050ಕ್ಕೆ ನೆಟ್ ಜೀರೋ, ಅಂದರೆ ಇಂಗಾಲದ ಹೊಗೆಯ ನಿವ್ವಳ ಲೆಕ್ಕ ಸೊನ್ನೆ, ಎಂದು ದೇಶ ಕಾನೂನು ಮಾಡಿದೆ, ಲಕ್ಷಗಟ್ಟಲೆ ಹಳೇ ಮನೆ ಬಿಟ್ಟು ಅದು ಆಗುವುದಿಲ್ಲ. ಬಾಡಿಗೆದಾರರ ವಾದ ಇನ್ನೂ ನೇರ, ಚಳಿ. ಈ ಜಗಳದಲ್ಲಿ ಅವರ ದನಿಯೇ ಎಲ್ಲಕ್ಕಿಂತ ಕಡಿಮೆ ಕೇಳುವುದು. ಬಿಲ್ ಕಟ್ಟುವವರು ಅವರೇ, ಅರ್ಜಿ ಹಾಕಿ ಕೆಲಸ ಮಾಡಿಸುವುದು ಮಾತ್ರ ಬೇರೆಯವರ ಕೈಯಲ್ಲಿ.

ಶಾಖ ಹೋಗುವುದು ಎಲ್ಲಿಂದ

ಎಲ್ಲರೂ ಮುಂಗಿಟಕಿಯ ಗಾಜಿಗೆ ಹೊಡೆದಾಡುತ್ತಿದ್ದಾರೆ. ಆದರೆ ಮನೆಯ ಆಕಾರ ನೋಡಿದರೆ ಬೇರೆ ಲೆಕ್ಕ ಸಿಗುತ್ತದೆ.

ಸಾಲಿನ ನಡುವಿನ ಮನೆಗೆ ಚಳಿಗೆ ತೆರೆದ ಗೋಡೆ ಎರಡೇ, ಮುಂದಿನದು ಮತ್ತು ಹಿಂದಿನದು. ಎಡಬಲದಲ್ಲಿ ನೆರೆಯವರ ಬೆಚ್ಚನೆಯ ಕೋಣೆ. ಅದೇ ಅಳತೆಯ ಬಿಡಿ ಬಂಗಲೆಗೆ ನಾಲ್ಕು. ಅಂದರೆ ಸಾಲುಮನೆ ಎಂಬ ಆಕಾರವೇ ಶಾಖ ಉಳಿಸುವ ಉಪಾಯ. ಹಾಗಿದ್ದೂ ಮನೆ ತಣ್ಣಗೆ ಯಾಕೆ? ಗಾಳಿ. ನೆಲಮಾಳಿಗೆಯಿಂದ ಅಟ್ಟದವರೆಗೆ ಒಂದೇ ಮೆಟ್ಟಿಲು ಬಾವಿ. ಬಿಸಿ ಗಾಳಿ ಅದರಲ್ಲಿ ಮೇಲೇರುತ್ತದೆ, ಕೆಳಗಿನಿಂದ ತಣ್ಣನೆಯದು ಒಳಗೆ ಎಳೆದುಕೊಳ್ಳುತ್ತದೆ. ಪ್ರತಿ ಕೋಣೆಗೂ ಬೆಂಕಿಗೂಡು, ಪ್ರತಿ ಗೂಡಿಗೂ ಚಿಮಣಿ. ಬೆಂಕಿ ಹಾಕುವುದು ನಿಂತು ದಶಕಗಳಾದರೂ ಚಿಮಣಿ ಗಾಳಿ ಎಳೆಯುವುದು ನಿಂತಿಲ್ಲ. ಮರದ ನೆಲದ ಹಲಗೆಗಳ ನಡುವೆ ಸಂದಿ. ಸ್ಯಾಶ್ ಕಿಟಕಿಯ ಸುತ್ತ ಸಂದಿ. ಅಟ್ಟದ ಮೇಲೆ ಸರಿಯಾದ ಹೊದಿಕೆ ಇಲ್ಲ. ಪ್ಯಾರಪೆಟ್ ಹಿಂದೆ ಮಳೆನೀರು ಹರಿಯುವ ಸೀಸದ ದೋಣಿ ಒಡೆದು ಗೋಡೆ ಒದ್ದೆ. ಒದ್ದೆ ಗೋಡೆ ಒಣ ಗೋಡೆಗಿಂತ ಜಾಸ್ತಿ ಶಾಖ ಬಿಡುತ್ತದೆ.

ಇವುಗಳಲ್ಲಿ ಹೆಚ್ಚಿನವನ್ನು ಸರಿಮಾಡಲು ಮುಂಗೋಡೆ ಮುಟ್ಟಬೇಕಾಗಿಲ್ಲ. ದೋಣಿ ರಿಪೇರಿ, ಅಟ್ಟಕ್ಕೆ ಹೊದಿಕೆ, ಚಿಮಣಿಗೆ ತೆಗೆಯಬಹುದಾದ ಮುಚ್ಚಳ, ಸ್ಯಾಶ್ ಸುತ್ತ ಬ್ರಷ್ ಪಟ್ಟಿ. ಸಂದಿ ಮುಚ್ಚುವ ಪಟ್ಟಿ, ಶಾಖ ತಡೆಯುವ ಹೊದಿಕೆ ಮುಂತಾದವನ್ನು ಮನೆಗೆ ಹಾಕಿಸಿದರೆ 2027ರ ಮಾರ್ಚ್‌ವರೆಗೆ ವ್ಯಾಟ್ ಕೂಡ ಸೊನ್ನೆ. ಡಬಲ್ ಗ್ಲೇಜಿಂಗ್‌ಗೆ ಆ ರಿಯಾಯಿತಿ ಇಲ್ಲ.

ಕಿಟಕಿಗೂ ಉಪಾಯ ಇದೆ, ಅದನ್ನು ಜಾರ್ಜಿಯನ್ನರೇ ಮಾಡಿಟ್ಟು ಹೋಗಿದ್ದಾರೆ. ಕಿಟಕಿಯ ಎರಡೂ ಪಕ್ಕದ ಮರದ ಪೆಟ್ಟಿಗೆಯೊಳಗೆ ಮಡಚಿಟ್ಟ ಬಾಗಿಲುಗಳಿವೆ. ಎಷ್ಟೋ ಮನೆಗಳಲ್ಲಿ ಬಣ್ಣದ ಪದರ ಬಿದ್ದು ಅಂಟಿಕೊಂಡು, ಅವು ಇವೆ ಎಂದೇ ಯಾರಿಗೂ ಗೊತ್ತಿಲ್ಲ. ಸ್ಕಾಟ್ಲೆಂಡ್‌ನಲ್ಲಿ ಹಿಸ್ಟಾರಿಕ್ ಸ್ಕಾಟ್ಲೆಂಡ್ ಸಂಸ್ಥೆಗಾಗಿ ಮಾಡಿದ ಪರೀಕ್ಷೆಯಲ್ಲಿ ಈ ಮರದ ಬಾಗಿಲು ಮುಚ್ಚಿದಾಗ ಗಾಜಿನಿಂದ ಹೋಗುವ ಶಾಖ ಸುಮಾರು ಅರ್ಧಕ್ಕೆ ಇಳಿಯಿತು. ಹಳೇ ಕಿಟಕಿಯ ಒಳಬದಿಗೆ ಇನ್ನೊಂದು ಗಾಜಿನ ಚೌಕಟ್ಟು ಕೂರಿಸಿದಾಗ, ಅಂದರೆ ಸೆಕೆಂಡರಿ ಗ್ಲೇಜಿಂಗ್‌ನಲ್ಲಿ, 60 ಪರ್ಸೆಂಟ್‌ಗೂ ಹೆಚ್ಚು ಇಳಿಯಿತು. ದಪ್ಪ ಪರದೆಯಿಂದ ಇಳಿದದ್ದು 14 ಪರ್ಸೆಂಟ್ ಮಾತ್ರ. ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆ 2024ರ ಜುಲೈಯಲ್ಲಿ ಹೊರಡಿಸಿದ ಸಲಹೆಯೂ ಇದೇ ದಾರಿಯದು: ಸೆಕೆಂಡರಿ ಗ್ಲೇಜಿಂಗ್‌ಗೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ಗಾಜು ಹಳೇದಲ್ಲದಿದ್ದರೆ ತೆಳ್ಳನೆಯ ಡಬಲ್ ಗಾಜು ಅಥವಾ ನಡುವಿನ ಗಾಳಿ ತೆಗೆದ ವ್ಯಾಕ್ಯೂಮ್ ಗಾಜನ್ನೂ ಯೋಚಿಸಬಹುದು. "ಏನೂ ಮಾಡುವ ಹಾಗಿಲ್ಲ" ಎನ್ನುವ ಮನೆ ಮಾಲೀಕರಿಗೆ ಈ ಸಲಹೆ ತೋರಿಸಬಹುದು.

ಸೋಲಾರ್ ಕಥೆ ಇನ್ನೂ ಸ್ವಾರಸ್ಯ. ಬೆಂಕಿಯ ಭಯಕ್ಕೆ 1707ರಲ್ಲಿ ಎದ್ದ ಪ್ಯಾರಪೆಟ್ ಈಗ ಸೋಲಾರ್ ಹಲಗೆಗಳನ್ನು ಬೀದಿಯ ಕಣ್ಣಿನಿಂದ ಮರೆಮಾಡುತ್ತದೆ. ಲಂಡನ್‌ನ ಕೆನ್ಸಿಂಗ್ಟನ್ ಮತ್ತು ಚೆಲ್ಸಿ ಕೌನ್ಸಿಲ್ 2022ರಲ್ಲಿ, ಷರತ್ತುಗಳೊಂದಿಗೆ, ತನ್ನ ಗ್ರೇಡ್ 2 (ಲಿಸ್ಟೆಡ್ ಪಟ್ಟಿಯ ಒಂದು ದರ್ಜೆ) ಕಟ್ಟಡಗಳಲ್ಲಿ ಹೆಚ್ಚಿನವಕ್ಕೆ ಬಿಡಿ ಬಿಡಿ ಅರ್ಜಿ ಇಲ್ಲದೆ ಸೋಲಾರ್ ಹಾಕಲು ಒಟ್ಟಿಗೇ ಅನುಮತಿ ಕೊಟ್ಟಿತು. ಬಾತ್‌ನಲ್ಲಿ ಇದು ಅಷ್ಟು ಸುಲಭ ಅಲ್ಲ. ಊರಿನ ಸುತ್ತ ಗುಡ್ಡಗಳಿವೆ, ಮೇಲಿಂದ ಮಾಡೆಲ್ಲ ಕಾಣುತ್ತದೆ. ಊರು 1987ರಿಂದ ವಿಶ್ವ ಪರಂಪರೆಯ ತಾಣ, ಗುಡ್ಡದಿಂದ ಕಾಣುವ ಆ ನೋಟವೂ ಅದರ ಭಾಗ.

ಮುಂದೆ ಏನಾಗಬಹುದು

ಸಿ ದರ್ಜೆ ಕಡ್ಡಾಯವಾಗಿ, ಲಿಸ್ಟೆಡ್ ಮನೆಯ ವಿನಾಯಿತಿ ಈಗಿನ ಹಾಗೇ ಮಸುಕಾಗಿ ಉಳಿದರೆ, ಕೆಲವು ಮಾಲೀಕರು ಬಾಡಿಗೆಗೆ ಕೊಡುವುದನ್ನೇ ಬಿಟ್ಟು ಮಾರುತ್ತಾರೆ. ಬಾತ್‌ನಂಥ ಪ್ರವಾಸಿ ಊರಿನಲ್ಲಿ ಕೆಲವರು ದಿನದ ಬಾಡಿಗೆಗೆ ಹೊರಳಬಹುದು. ಎರಡರಲ್ಲೂ ನಷ್ಟ ಅಲ್ಲಿ ದುಡಿಯುವ ಬಾಡಿಗೆದಾರರಿಗೆ. ಇನ್ನು ಕೆಲವರು ಅಂಕ ಬೇಕು ಎಂದು ಒಳಗೋಡೆಗೆ ಅಗ್ಗದ ಹಲಗೆ ಹೊಡೆಸುತ್ತಾರೆ. ಪ್ರಮಾಣಪತ್ರ ಚೆನ್ನಾಗಿ ಬರುತ್ತದೆ. ಹತ್ತು ವರ್ಷದ ನಂತರ ತೊಲೆಯ ತುದಿಗೆ ಏನಾಯಿತು ಎಂದು ಆ ಪತ್ರ ಹೇಳುವುದಿಲ್ಲ.

ವಿನಾಯಿತಿ ಪೂರ್ತಿ ಕೊಟ್ಟರೂ ಒಳ್ಳೆಯದಲ್ಲ. ಬ್ರಷ್ ಪಟ್ಟಿ ಕೂಡ ಹಾಕಿಸದ ಮಾಲೀಕರಿಗೆ ಅದೊಂದು ನೆಪವಾಗುತ್ತದೆ.

ನಡುವಿನ ದಾರಿ ಕೆನ್ಸಿಂಗ್ಟನ್ ಮಾದರಿ: ಮನೆ ಮನೆಗೆ ಬೇರೆ ಅರ್ಜಿ ಬೇಡ, ಇಡೀ ಸಾಲಿಗೆ ಒಮ್ಮೆ ತೀರ್ಮಾನ. ಈ ಸಾಲಿನ ಮುಂಭಾಗಕ್ಕೆ ಇಂಥ ಕಡ್ಡಿ, ಇಂಥ ಗಾಜು. ಹಿಂಭಾಗಕ್ಕೆ ಸಡಿಲ ನಿಯಮ. ಮಾಡಿನ ಒಳಬದಿಗೆ ಇನ್ನೂ ಸಡಿಲ. ಹಿಂಭಾಗಕ್ಕೆ ಬೆಲೆಯೇ ಇಲ್ಲ ಎಂದಲ್ಲ, ಕೆಲವು ಹಿಂಭಾಗಗಳು ಮುಂಭಾಗಕ್ಕಿಂತ ಹಳೇ ಕಥೆ ಹೇಳುತ್ತವೆ. ಆದರೆ ಅಲ್ಲಿ ಮೊದಲಿನಿಂದಲೂ ಪ್ರತಿ ಮನೆಗೂ ತನ್ನದೇ ರೂಪ ಇತ್ತು, ಬದಲಾವಣೆ ಅಲ್ಲಿ ಹೊಸದಲ್ಲ.

ಇದಕ್ಕೆ ದೊಡ್ಡ ತೊಡಕು ಒಂದೇ. ಕಟ್ಟುವಾಗ ಸಾಲಿನ ಪರವಾಗಿ ಮಾತಾಡಲು ಒಬ್ಬ ಜಮೀನುದಾರ ಇದ್ದ. ಈಗ ಮೂವತ್ತು ಮನೆಯೆಂದರೆ ಕೆಲವು ಕುಟುಂಬ, ಒಂದು ಹೋಟೆಲ್, ಒಂದು ಮ್ಯೂಸಿಯಂ, ಹತ್ತಾರು ಫ್ಲಾಟ್‌ಗಳ ಲೀಸ್‌ದಾರರು, ಬೇರೆ ಊರಲ್ಲಿರುವ ನೆಲದ ಮಾಲೀಕರು. ಇಡೀ ಸಾಲಿಗೆ ಒಂದೇ ಅನುಮತಿ ಬೇಕೆಂದರೆ ಕೌನ್ಸಿಲ್ ತಾನೇ ಮುಂದಾಗಿ ಆದೇಶ ಬರೆಯಬೇಕು. ಅದಕ್ಕೆ ಸುಣ್ಣ, ಇಟ್ಟಿಗೆ, ಮರ ಗೊತ್ತಿರುವ ಅಧಿಕಾರಿಗಳು ಬೇಕು, ಅವರಿಗೆ ಕೊಡಲು ಸಂಬಳದ ಹಣವೂ ಬೇಕು. 2030ರ ಗಡುವಿನ ಬಗ್ಗೆ ಸುದ್ದಿ ಬಂದಾಗಲೆಲ್ಲ ಗಮನಿಸಬೇಕಾದದ್ದು ಎರಡು: "ಒಪ್ಪಲಾಗದಷ್ಟು ಬದಲಾವಣೆ" ಎಂದರೆ ಏನು ಎಂದು ಸರ್ಕಾರ ಬರೆದು ಕೊಡುತ್ತದೆಯೇ, ಮತ್ತು ಕೌನ್ಸಿಲ್‌ಗಳಿಗೆ ಈ ಕೆಲಸಕ್ಕೆ ದುಡ್ಡು ಕೊಡುತ್ತದೆಯೇ.